ಗಾಳಿ ನಿಲ್ಲದ ಗ್ಲೌಸ್

ಪಿರಿಯಾಪಟ್ಟಣದ ಸುತ್ತಿನ ಹಳ್ಳಿಗಳಲ್ಲಿ ಲೈನ್‌ಮನ್ ಕನಕರಾಜುವನ್ನು 'ನಿಧಾನಪ್ಪ' ಎಂದೇ ಕರೆಯುತ್ತಿದ್ದರು. ಹೆಲ್ಮೆಟ್ಟು, ಬೆಲ್ಟು, ರಬ್ಬರ್ ಗ್ಲೌಸು ಹಾಕಿಕೊಳ್ಳದೆ ಅವನು ಕಂಬ ಹತ್ತಿದವನಲ್ಲ. ಕೆಲಸಕ್ಕೆ ಸೇರಿದ ಎರಡನೇ ವರ್ಷ ಜೊತೆಗಾರ ಯತೀಶ್ 'ಒಂದೇ ನಿಮಿಷದ ಕೆಲಸ' ಎಂದು ಬರಿಗೈಲಿ ಹತ್ತಿದ್ದ. ಅವನ ಹೆಣವನ್ನು ಕೆಳಗಿಳಿಸಿದವನು ಕನಕರಾಜುವೇ.

ಈ ಸಲ ಮೇ ತಿಂಗಳ ಒಂದು ಮಧ್ಯಾಹ್ನ ಬಿರುಗಾಳಿಗೆ ಹಲಸಿನ ಕೊಂಬೆ ಮುರಿದು, ಮಂಟಯ್ಯನ ಮನೆ ಮುಂದಿನ ತಂತಿ ತುಂಡಾಯಿತು. ಅವನ ತಾಯಿ ಕೆಂಪಾಜಮ್ಮ ಉಸಿರಾಡುತ್ತಿದ್ದುದೇ ಆಕ್ಸಿಜನ್ ಮೆಷಿನ್ನಿನಿಂದ. ಅದು ನಿಂತುಹೋಗಿತ್ತು. ದಾರಿಗೆ ಮರ ಬಿದ್ದು ಆಂಬುಲೆನ್ಸೂ ತಡವಾಗಿತ್ತು.

ಕನಕರಾಜು ಟ್ರಾನ್ಸ್‌ಫಾರ್ಮರ್ ಆಫ್ ಮಾಡಿ ಬಂದ. ರೂಢಿಯಂತೆ ಗ್ಲೌಸಿನ ಬಾಯಿ ಸುತ್ತಿ, ಒಳಗಿನ ಗಾಳಿಯನ್ನು ಒತ್ತಿ ಕೆನ್ನೆಯ ಬಳಿ ಹಿಡಿದ. ಹೆಬ್ಬೆರಳ ಸಂದಿಯಿಂದ ಸುಯ್ ಎಂದು ಗಾಳಿ ತಾಗಿತು. ತೂತು! ಆಫೀಸಿಗೆ ಫೋನ್ ಮಾಡಿ ಮಂಟಯ್ಯನತ್ತ ತಿರುಗಿದ.

"ಆಫೀಸಿಂದ ಬೇರೆ ಗ್ಲೌಸ್ ಬತ್ತಾ ಅದೆ ಅಣ್ಣ. ಅರ್ಧ ಗಂಟೆ."

ಮಂಟಯ್ಯ ಅವನ ಅಂಗಿ ಹಿಡಿದುಕೊಂಡ. "ನಮ್ಮವ್ವ ಉಸ್ರಿಗೆ ಒದ್ದಾಡ್ತಾವ್ಳೆ ಕಣಯ್ಯ! ಕರೆಂಟ್ ಆಫ್ ಮಾಡಿದ್ದು ನೀನೇ ಅಲ್ವಾ? ಇನ್ಯಾತರ ಭಯ?"

"ಅದು ಬರೋಗಂಟ ಹತ್ತಲ್ಲ ಅಣ್ಣ."

ಸೇರಿದವರು ಹೇಡಿ ಎಂದರು. ತೆರೆದ ಬಾಗಿಲಿನಿಂದ ಮುದುಕಿಯ ಏದುಸಿರು ಕೇಳುತ್ತಿತ್ತು. ಒಮ್ಮೆ ಅವನ ಕಾಲು ತಾನಾಗಿಯೇ ಕಂಬಕ್ಕೆ ಒರಗಿಸಿದ್ದ ಏಣಿಯ ಮೊದಲ ಮೆಟ್ಟಿಲಿಗೆ ಹೋಯಿತು. ಹಿಂದಕ್ಕೆ ತೆಗೆದುಕೊಂಡ.

ಅಂತೂ ಬೈಕಿನಲ್ಲಿ ಗ್ಲೌಸ್ ಬಂತು. ಅದನ್ನೂ ಒತ್ತಿ ನೋಡಿದ, ಗಾಳಿ ಒಳಗೇ ನಿಂತಿತು. ಹತ್ತಿ, ಬೆಲ್ಟು ಸಿಕ್ಕಿಸಿ, ಟೆಸ್ಟರನ್ನು ತಂತಿಗೆ ಹಿಡಿದ. ಕೆಂಪು ದೀಪ ಹೊತ್ತಿಕೊಂಡು ಕೀ ಕೀ ಎಂದಿತು.

ತಾನೇ ಆಫ್ ಮಾಡಿದ ಲೈನಿನಲ್ಲಿ ಕರೆಂಟು! ಆಗ ಮಂಟಯ್ಯನ ಹಿತ್ತಿಲಿಂದ ಡುಗುಡುಗು ಸದ್ದು ಕಿವಿಗೆ ಬಿತ್ತು.

"ಯಾರ್ಲಾ ಜನರೇಟರ್ ಹಾಕ್ದೋರು? ಆಫ್ ಮಾಡ್ರೋ! ಕೆಳಗಿನ ತಂತಿ ಹತ್ರ ಯಾರೂ ಹೋಗ್ಬೇಡಿ!"

ಪಕ್ಕದ ಮನೆಯ ಧರ್ಮೇಂದ್ರ ಮುದುಕಿಯ ಪಾಡು ನೋಡಲಾರದೆ ತನ್ನ ಜನರೇಟರ್ ತಂದು ಆಗಷ್ಟೇ ಮನೆಯ ವೈರಿಂಗಿಗೆ ಸೇರಿಸಿದ್ದ. ಮೇನ್ ಸ್ವಿಚ್ ಇಳಿಸುವುದು ಮರೆತಿತ್ತು. ಆ ಕರೆಂಟು ಮನೆಯೊಳಗಿಂದ ಹಿಮ್ಮುಖವಾಗಿ ತಂತಿಗೆ ಹರಿದಿತ್ತು.

"ಮೇನ್ ಇಳ್ಸಿ ಆಮೇಲೆ ಹಾಕು. ಅವ್ವನ ಮೆಷಿನ್ ನಡೀಲಿ," ಎಂದು ಕನಕರಾಜು ಮೇಲಿಂದಲೇ ಕೂಗಿದ.

ಮೆಷಿನ್ ಮತ್ತೆ ಶುರುವಾಯಿತು. ಟೆಸ್ಟರ್ ಸುಮ್ಮನಿತ್ತು. ಆದರೂ ಮತ್ತೆ ಕರೆಂಟು ಬಂದರೆ ನೆಲಕ್ಕಿಳಿಯಲಿ ಎಂದು ತಂತಿಗೆ ಅರ್ಥಿಂಗ್ ಕೊಟ್ಟೇ ಕೈ ಹಾಕಿದ. ಮುಕ್ಕಾಲು ಗಂಟೆಯಲ್ಲಿ ಬೀದಿಗೆಲ್ಲ ಕರೆಂಟು ಬಂತು.

ಕೆಳಗಿಳಿದು ಜಗಲಿಯ ಮೇಲೆ ಕುಳಿತ ಕನಕರಾಜು ಬೆವರಿಗೆ ಅಂಟಿಕೊಂಡ ಗ್ಲೌಸು ಬಿಚ್ಚಲು ಹೆಣಗಿದ. ಮಂಟಯ್ಯ ಎದುರು ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಬೆರಳು ಎಳೆದು ಬಿಚ್ಚಿದ.

"ನಾನು ಅಂಗಿ ಹಿಡ್ದಾಗ ನೀನು ಹತ್ತಿದ್ರೆ, ಜನರೇಟರ್ ಹಾಕೋ ಹೊತ್ಗೆ ತೂತು ಗ್ಲೌಸಲ್ಲಿ ತಂತಿ ಹಿಡ್ದಿರ್ತಿದ್ದೆ..." ಎಂದು ಗ್ಲೌಸನ್ನು ಜಗಲಿಯ ಮೇಲಿಟ್ಟ. "ಒಳಕ್ಕೆ ಬಾರಪ್ಪ. ಅವ್ವ ಕರೀತಾವ್ಳೆ."