ಜ್ವರ ಬಾರದ ಅಂಜಿನಮ್ಮ

ನನ್ನ ವಾರಗಿತ್ತಿ ಅಂಜಿನಮ್ಮನಿಗೆ ಮುಳ್ಳು ಚುಚ್ಚಿದರೆ ನೋವು ಮುಳ್ಳಿಗೇ ಆಗುತ್ತಿತ್ತೇನೋ. ಎಪ್ಪತ್ತರ ದಶಕದ ಕೊನೆಯಲ್ಲಿ ನನ್ನ ಮೈದುನನ ಕೈಹಿಡಿದು ಕಲ್ಯಾಣದುರ್ಗದಿಂದ ಹಿಂದೂಪುರದ ನಮ್ಮ ಮನೆಗೆ ಬಂದವಳು, ಜ್ವರವೆಂದು ಒಂದು ದಿನವೂ ಮಲಗಿದ್ದಿಲ್ಲ. ನನಗೋ, ಮೋಡ ಕವಿದರೆ ಸಾಕು, ಮೂಗು ಸೋರುತ್ತಿತ್ತು. ಹೊಟ್ಟೆಕಿಚ್ಚು ಪಟ್ಟೆ. ಈಗ ಮುಚ್ಚಿಟ್ಟು ಏನು ಮಾಡಲಿ?

ನಾವಿಬ್ಬರೂ ಮನೆಯಲ್ಲೇ ಕೂತು ಹುಣಿಸೆಹಣ್ಣಿನ ಬೀಜ ಬಿಡಿಸುತ್ತಿದ್ದೆವು. ಒಂದು ಸಲ ಒಂದೇ ದಿನ ಇಬ್ಬರ ಬೆರಳಿಗೂ ಕತ್ತಿ ತಾಗಿತು. ಅವಳು ನೀರು ಸುರಿದುಕೊಂಡು, "ತೊಳ್ದು ಬಿಟ್ರಾಯ್ತು ಕಣಕ್ಕ. ಮೈಗೂ ಒಸಿ ಕೆಲ್ಸ ಬ್ಯಾಡ್ವಾ?" ಎಂದು ಮತ್ತೆ ಕೂತಳು. ಮೂರೇ ದಿನಕ್ಕೆ ಅವಳ ಗಾಯ ಕೂಡಿಕೊಂಡಿತು. ನನ್ನ ಬೆರಳು ಬದನೆಕಾಯಿಯಾಯಿತು. ಡಾಕ್ಟರು ಕೀವು ತೆಗೆಯುತ್ತಾ ಹೇಳಿದರು: "ಊದಿದ್ದು, ಕೆಂಪಾಗಿದ್ದು, ಬಿಸಿಯಾಗಿದ್ದು ಎಲ್ಲಾ ಒಳ್ಳೇದಕ್ಕೇ ಕಣಮ್ಮ. ಯಾವ ಕ್ರಿಮಿ ಅಂತಾನೂ ಕೇಳ್ದೆ ರಕ್ತದ ಬಿಳಿ ಕಣಗಳು ಓಡಿ ಬಂದು ನುಂಗ್ತವೆ. ಈ ಕೀವು ಹಂಗೆ ಸತ್ತ ಸಿಪಾಯಿಗಳು." ನನ್ನ ಸಿಪಾಯಿಗಳು ರಾಶಿ ರಾಶಿ ಸಾಯಬೇಕು, ಅವಳವರು ಸದ್ದಿಲ್ಲದೆ ಗೆಲ್ಲಬೇಕು. ಅದಕ್ಕೂ ನನಗೆ ಉರಿಯಿತು.

ಇನ್ನೊಂದು ವರ್ಷ ಮನೆಮಂದಿಯೆಲ್ಲ ಜ್ವರ ಬಂದು ಮಲಗಿದಾಗ ಅವಳೊಬ್ಬಳೇ ಎಲ್ಲರಿಗೂ ಗಂಜಿ ಕಾಯಿಸಿಟ್ಟು, ಲೇಪಾಕ್ಷಿ ಬಸ್ಸು ಹತ್ತಿ ಹೊಲಕ್ಕೂ ಹೋಗಿಬಂದಳು. ಅತ್ತೆ ಮಲಗಿದಲ್ಲಿಂದಲೇ ತೆಲುಗಿನಲ್ಲಿ, "ದಾನಿದಿ ಇನುಪ ಒಳ್ಳು" ಎಂದರು. ಅವಳದು ಕಬ್ಬಿಣದ ಮೈಯಂತೆ. ನನ್ನದೇನು ಹಪ್ಪಳದ್ದೇ?

ಮದುವೆಯಾಗಿ ಹದಿನೇಳು ವರ್ಷವಾಗಿದ್ದಾಗ ಅವಳ ಅಂಗಾಲಿಗೆ ಜಾಲಿಮುಳ್ಳು ಹೊಕ್ಕಿತು. ಹತ್ತು ದಿನವಾದರೂ ಗಾಯ ಕೂಡಲಿಲ್ಲ. ಊತವೂ ಇಲ್ಲ, ನೋವೂ ಇಲ್ಲ. ಮೈದುನ ನನ್ನನ್ನೇ ಕೇಳಿದ: "ಡಾಕ್ಟ್ರತ್ರ ಕರ್ಕೊಂಡ್ ಹೋಗ್ಲಾ ಅತ್ತಿಗೆ?"

"ಅವ್ಳಿಗೇನಾಯ್ತದಪ್ಪ, ಇನುಪ ಒಳ್ಳು" ಎಂದುಬಿಟ್ಟೆ. ನನ್ನ ಬಾಯಿಗೆ ಮಣ್ಣು ಹಾಕ. ಇನ್ನೂ ಹತ್ತು ದಿನ ಹಾಗೇ ಹೋದವು. ಕಾಲ್ಬೆರಳುಗಳು ಕಪ್ಪಾದ ಮೇಲೆ ಅದೇ ಡಾಕ್ಟರು ನೋಡಿ, ಸಕ್ಕರೆ ಕಾಯಿಲೆ ಎಂದರು. "ಕಾಲು ಜೋಮು ಹಿಡಿದದೆ, ಸಿಪಾಯಿಗಳಿಗೂ ಶಕ್ತಿ ಉಳಿದಿಲ್ಲ. ಊದಿಕೊಂಡಿದ್ರೆ ನೀವೇ ಓಡಿ ಬರ್ತಿದ್ರಿ" ಎಂದರು. ಮೊಣಕಾಲಿನಿಂದ ಕೆಳಕ್ಕೆ ತೆಗೆಯಬೇಕಾಯಿತು.

ಆಮೇಲೆ ಅವಳು ತವರಿಗೆ ಹೋದಳು. ನೋಡಲೆಂದು ಕಲ್ಯಾಣದುರ್ಗಕ್ಕೆ ಹೋದೆ. ನಾನು ಅವಳನ್ನು ಕಂಡದ್ದು ಅದೇ ಕೊನೆ. ಚಾಪೆಯ ಪಕ್ಕದಲ್ಲಿ ಕೂತು, "ನಿನ್ ಗಂಡನ್ನ ತಡ್ದೋಳು ನಾನೇ ಕಣೆ. ನಿನ್ನ ಕಂಡ್ರೆ ನಂಗೆ ಹೊಟ್ಟೆ ಉರಿ" ಎಂದೆ.

ಅವಳು ನಕ್ಕಳು. "ನಂಗೂ ಇತ್ತಲ್ಲಕ್ಕ. ನೀನು ಜ್ವರ ಅಂತ ಮಲಗ್ದಾಗೆಲ್ಲ ಅತ್ತೆ ಬಂದು ನಿನ್ ತಲೆ ಒತ್ತೋರು. ನಾನು ಬಾಗ್ಲಾಗೆ ನಿಂತ್ಕೊಂಡು ನೋಡ್ತಿದ್ದೆ. ನಂಗೂ ಒಂದಿನ ಬರ್ಲಪ್ಪ ಅಂದ್ಕೊಳ್ತಿದ್ದೆ."

ಇಷ್ಟು ವರ್ಷದಲ್ಲಿ ನಾನು ಅವಳ ಹಣೆ ಮುಟ್ಟಿ ನೋಡಿದವಳೇ ಅಲ್ಲ. ಅಂದು ಮುಟ್ಟಿದೆ. ಸುಡುತ್ತಿತ್ತು.

"ಬಂದೈತಾ ಅಕ್ಕ?" ಎಂದಳು.

"ಬಂದೈತೆ" ಎಂದು ಅವಳ ತಲೆ ಒತ್ತತೊಡಗಿದೆ. ಹಿಂದೂಪುರದ ಬಸ್ಸಿಗೆ ಹೊತ್ತಾಗಿತ್ತು. ಅವಳು ಕಣ್ಣು ಮುಚ್ಚಿಕೊಂಡು, "ಇನ್ನೊಸಿ ಹೊತ್ತು ಇರಕ್ಕ" ಎಂದಳು.