ಹಸಿ ಪಾಲು ಕಟ್ಟಿಕೊಡದ ಉದ್ದಪ್ಪ

ಕೊಣ್ಣೂರಿನ ಸಂತೆಯ ಬದಿಗೆ ಇನ್ನೂ ನಸುಕು. ಕುರಿ ಕೊಯ್ಯುವ ಉದ್ದಪ್ಪ ಮಾಂಸ ಕಡಿಯುವ ಕೊರಡಿನ ಮೇಲೆ ಕುದಿಯುವ ನೀರು ಸುರಿದು, ಹಿಡಿ ಉಪ್ಪು ಹಾಕಿ ತಿಕ್ಕುತ್ತಿದ್ದಾನೆ. ಕರುಳು ಬಿಡಿಸುವ ಕತ್ತಿ ಒಂದು ಕಡೆ, ಮಾಂಸ ಕೊಯ್ಯುವ ಕತ್ತಿ ಇನ್ನೊಂದು ಕಡೆ, ಒಂದನ್ನೊಂದು ಮುಟ್ಟುವಂತಿಲ್ಲ. ಬೇವಿನ ಟೊಂಗೆ ಹಿಡಿದು ನೊಣ ಓಡಿಸುವುದು ಹೆಂಡತಿ ಸತ್ತೆವ್ವನ ಪಾಲಿಗೆ.

ಹೊತ್ತು ಮೂಡುವಾಗ ಮುದುಕಿ ಶೆಟ್ಟೆವ್ವ ಬರುತ್ತಾಳೆ. ಅವಳು ಮನೆದೇವರಿಗೆ ಬಿಟ್ಟ ಕುರಿಯನ್ನು ಉದ್ದಪ್ಪ ಈಗಷ್ಟೇ ಕೊಯ್ದಿದ್ದಾನೆ. ಯಮಕನಮರಡಿಗೆ ಕೊಟ್ಟ ಮಗಳಿಗೆ ತವರಿನ ಪಾಲು ಒಯ್ಯಬೇಕು. ಅದು ಹಸಿಯಾಗಿಯೇ ಹೋಗಿ ಮಗಳ ಒಲೆಯ ಮೇಲೆ ಬೇಯಬೇಕೆಂಬುದು ಅವಳ ಮನೆತನದ ರೂಢಿ.

"ಲಗೂ ಕಟ್ಟಿ ಕೊಡೋ, ಮೋಟಾರ ಹೋಗತೈತಿ."

"ಹಸೀದು ಕಟ್ಟೂದಿಲ್ಲ ಬೇ. ಸತ್ತೆವ್ವ ಹುರದು ಕೊಡತಾಳ, ಕುಂಡ್ರು."

"ಕುರಿ ಕೊಯ್ಯಾಂವೋ, ಅಡಿಗಿ ಮಾಡಾಂವೋ ನೀ? ಊರಾಗ ಬ್ಯಾರೆ ಅಂಗಡಿ ಇಲ್ಲೇನು?"

"ಅಂಗಡಿ ಬ್ಯಾರೆ ಅದಾವ ಬೇ. ಬಿಸಲು ಬ್ಯಾರೆ ಐತೇನು?"

ಮುದುಕಿ ಗೊಣಗುತ್ತಾಳೆ. ಉದ್ದಪ್ಪ ತನ್ನ ಕಂಬಳಿಯನ್ನೇ ಹಾಸಿ ಕೂರಿಸುತ್ತಾನೆ. ಸತ್ತೆವ್ವ ತನ್ನದೇ ಕಟ್ಟಿಗೆ, ತನ್ನದೇ ಎಣ್ಣೆ, ಅರಿಶಿನ ಹಾಕಿ ನೀರಾರುವವರೆಗೆ ಹುರಿಯುತ್ತಾಳೆ. ಇದಕ್ಕೆ ಕೂಲಿಯಿಲ್ಲ. ಸಂತೆಗೆ ಮೂರು ಕುರಿ ಕೊಯ್ಯುತ್ತಿದ್ದವನು ಈಗ ಒಂದಕ್ಕೆ ಇಳಿದಿದ್ದಾನೆ. ಹಸಿ ಪಾಲೇ ಬೇಕೆನ್ನುವವರು ಅವನ ಕಡೆ ತಿರುಗುವುದಿಲ್ಲ.

ಐವತ್ತೆರಡನೆಯ ಇಸವಿಯ ಬೇಸಿಗೆಯಲ್ಲಿ ಅವನೂ ಯಮಕನಮರಡಿಯ ತಂಗಿ ಹಣಮವ್ವನಿಗೆ ಹಸಿ ಪಾಲು ಕಳಿಸಿದ್ದ. ದಾರಿಯಲ್ಲಿ ಮೋಟಾರು ಕೆಟ್ಟು, ಗಂಟು ಮುಟ್ಟಿದಾಗ ಸಂಜೆ. ಅಷ್ಟು ಹೊತ್ತು ಸೆಕೆಯಲ್ಲಿದ್ದ ಮಾಂಸದಲ್ಲಿ ಕಣ್ಣಿಗೆ ಕಾಣದ ಜೀವಿಗಳು ಬೆಳೆಯುತ್ತವೆ, ಆಮೇಲೆ ಎಷ್ಟು ಕುದಿಸಿದರೂ ಕೆಲವು ನಂಜು ಹೋಗುವುದಿಲ್ಲ ಎಂದು ಡಾಕ್ಟರು ತಿಳಿಹೇಳುವಾಗ ಎಲ್ಲ ಮುಗಿದಿತ್ತು. ವಾಸನೆ ಹಣಮವ್ವನ ಮೂಗಿಗೂ ಬಡಿದಿತ್ತು. ಗಂಡನಿಗೆ ಬಡಿಸಲಿಲ್ಲ, ಮಕ್ಕಳಿಗೆ ಬಡಿಸಲಿಲ್ಲ. ಅಣ್ಣ ಕಳಿಸಿದ್ದನ್ನು ಚೆಲ್ಲಲಾರದೆ ತಾನೊಬ್ಬಳೇ ಉಂಡಳು. ವಾಂತಿಭೇದಿ ಹತ್ತಿತು. ಚಕ್ಕಡಿ ಹುಕ್ಕೇರಿಯ ದವಾಖಾನೆ ಮುಟ್ಟುವ ಮೊದಲೇ ಜೀವ ಹೋಯಿತು.

ಶೆಟ್ಟೆವ್ವನ ಮೋಟಾರು ಹೊರಟುಹೋಗಿದೆ. ಇನ್ನೊಂದಕ್ಕೆ ಕಾಯಬೇಕು. ಬಿಸಿ ಡಬ್ಬಿಯನ್ನು ಸೆರಗಿನಲ್ಲಿ ಹಿಡಿದು ಅವಳು ಕೇಳುತ್ತಾಳೆ: "ಹಸೀದ್ಯಾಕ ತರಲಿಲ್ಲಂತ ಮಗಳು ಕೇಳಿದರ ಏನ ಹೇಳಲಿ?"

"ನನ್ನ ಹೆಸರ ಹಿಡದು ಬೈಯಂತ ಹೇಳು," ಅನ್ನುತ್ತಾನೆ ಉದ್ದಪ್ಪ. "ಇನ್ನೊಂದೂ ಹೇಳು. ತವರಿಂದ ಬಂದದ್ದು ವಾಸನಿ ಬಂದಿದ್ದರ ತಿಪ್ಪಿಗಿ ಚೆಲ್ಲು, ನಾವ್ಯಾರೂ ಸಿಟ್ಟಾಗೂದಿಲ್ಲ ಅನ್ನು."

ಕೊರಡಿನ ಮೇಲೆ ಮತ್ತೆ ಬಿಸಿನೀರು ಸುರಿಯುತ್ತಾನೆ.

"ಅದೊಂದ ಮಾತು ನಾ ಹಣಮಿಗೆ ಹೇಳಿ ಕಳಸಿರಲಿಲ್ಲ ಬೇ."