ದರ್ಜಿಯಮ್ಮನ ಗಣಿತ

ಮಗಳಿಗೆ ಮನೆಯಲ್ಲೇ ಪಾಠ ಹೇಳುವ ನಮ್ಮ ಪಕ್ಕದ ಮನೆಯ ದರ್ಜಿಯಮ್ಮನಿಗೆ, ಬೀಜಗಣಿತಕ್ಕೆ ಕೈಹಿಡಿದು ಕರೆದೊಯ್ಯುವ ಪುಸ್ತಕ ಆರಿಸಲು ಇಡೀ ಬೇಸಿಗೆಯೇ ಬೇಕಾಯಿತು. ಬಟ್ಟೆಯಂತೆ ಒಂದೊಂದನ್ನೂ ಬೆಳಕಿಗೆ ಹಿಡಿದು, ಬೆರಳಲ್ಲಿ ಉಜ್ಜಿ, “ಇದು ಓಡುತ್ತೆ, ಅದು ತೆವಳುತ್ತೆ” ಎಂದು ನಾಲ್ಕನ್ನು ತಳ್ಳಿ ಐದನೆಯದನ್ನು ಅಪ್ಪಿಕೊಂಡರು. ಈಗ ಅಂಗಿ ಹೊಲಿಸಲು ಬಂದವರೂ ಅಳತೆ ಕೊಡುವ ಮೊದಲು ಋಣಸಂಖ್ಯೆ ಕಲಿತೇ ತೀರಬೇಕು! ಗೋಡೆಯ ವೇಳಾಪಟ್ಟಿಯಲ್ಲಿ ವಾರಕ್ಕೊಂದು ಪಾಠವಿದ್ದರೂ ತಿಂಗಳಾದರೂ ಭಿನ್ನರಾಶಿಯೇ ಮುಗಿದಿಲ್ಲ. “ನನ್ ಮಗಳು ಸ್ವಲ್ಪ ನಿಧಾನ ಕಣ್ರೀ, ಅವಸರ ಮಾಡಲ್ಲ” ಎಂದು ಅವರು ಖುಷಿಯಾಗಿಯೇ ಹೇಳುತ್ತಾರೆ. ಮೊನ್ನೆ ಮೆಟ್ಟಿಲಲ್ಲಿ ಸಿಕ್ಕ ಮಗಳನ್ನು, “ಭಿನ್ನರಾಶಿ ಅಷ್ಟು ಕಷ್ಟನಾ ಪುಟ್ಟಿ?” ಎಂದು ಕೇಳಿದೆ. ಅವಳು ಬಾಗಿಲ ಕಡೆ ನೋಡಿ ಪಿಸುಗುಟ್ಟಿದಳು: “ನಂಗೆ ಮೊದಲ್ನೇ ದಿನಾನೇ ಬಂತು ಆಂಟಿ. ಅಮ್ಮಂಗೆ ಇನ್ನೂ ಬಂದಿಲ್ಲ. ಅವಳು ಸ್ಕೂಲ್ ಬಿಟ್ಟಿದ್ದೇ ಈ ಪಾಠದಲ್ಲಂತೆ.”